ಹಿಂದಿನ ಸೀಟಿನ ಬೆಳಕು

ಒಂದು ವಿಷಯವನ್ನು ಪಾಠ ಮಾಡುವುದಕ್ಕೂ ಅದು ನಮಗೆ ಗೊತ್ತಿರುವುದಕ್ಕೂ ಅಂಥ ಸಂಬಂಧವೇನೂ ಇಲ್ಲ ಎಂಬುದು ನನಗೆ ಐವತ್ತು ದಾಟಿದ ಮೇಲೆ ತಿಳಿಯಿತು. ಸಂಸಾರ ಹೇಗೆ ಮಾಡಬೇಕೆಂದು ಊರೂರು ಸುತ್ತಿ ಭಾಷಣ ಮಾಡುವವರು ಮನೆಯಲ್ಲಿ ಯಾರೊಡನೆಯೂ ಮಾತಾಡದೆ ಇರಬಹುದು. ನಾನು ನಂಜನಗೂಡಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅದರಲ್ಲೂ ಬೆಳಕಿನ ಪಾಠವೆಂದರೆ ನನಗೆ ನೀರು ಕುಡಿದಷ್ಟು ಸಲೀಸು. ಕಿರಣ ಎಲ್ಲಿ ತಾಗಿ ಎಲ್ಲಿಗೆ ತಿರುಗುತ್ತದೆ, ನೆರಳು ಯಾವ ಕಡೆ ಬೀಳುತ್ತದೆ ಎಂಬುದನ್ನೆಲ್ಲ ಪುಸ್ತಕ ತೆರೆಯದೆ ಹೇಳಬಲ್ಲೆ. ಅದೇ ಬೆಳಕನ್ನು ಹೆಂಡತಿಯ ಮೋಟರ್ ಸೈಕಲ್ಲಿಗೆ ಕಟ್ಟಲು ಹೋದಾಗ ಮಾತ್ರ ಅದು ನನ್ನನ್ನು ಗುರುತೇ ಇಲ್ಲದವರ ಹಾಗೆ ನಡೆಸಿಕೊಂಡಿತು.

ಮೋಟರ್ ಸೈಕಲ್ ಹೆಂಡತಿಯದು ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಹೆಂಡತಿ ಗಿರಿಜ ದನದ ಡಾಕ್ಟರು. ಅವಳ ಆಸ್ಪತ್ರೆ ಇರುವುದು ಟಿ. ನರಸೀಪುರದ ಕಡೆಯ ಒಂದು ಹಳ್ಳಿಯಲ್ಲಿ. ಹುಟ್ಟಿ ಬೆಳೆದದ್ದು ಬನ್ನೂರಿನಲ್ಲಿ, ಅಪ್ಪನ ಮೋಟರ್ ಸೈಕಲ್ಲನ್ನು ಗದ್ದೆ ಬದುವಿನ ಮೇಲೆ ಓಡಿಸುತ್ತ. ನಾನೋ, ಸ್ಕೂಟರನ್ನು ಕಾಲೇಜಿಗೂ ತರಕಾರಿ ಅಂಗಡಿಗೂ ಬಿಟ್ಟರೆ ಇನ್ನೆಲ್ಲಿಗೂ ಒಯ್ಯದವನು. ದನಗಳು ಕಾಯಿಲೆ ಬೀಳುವುದು ಟಾರು ರಸ್ತೆಯ ಪಕ್ಕದಲ್ಲಲ್ಲ. ನಾಲೆ ಏರಿಯ ಮೇಲೆ ಎರಡು ಮೈಲಿ ಹೋಗಿ, ಕಬ್ಬಿನ ಗದ್ದೆಗಳ ನಡುವಿನ ಗಾಡಿ ಜಾಡಿನಲ್ಲಿ ಇಳಿದು, ಒಂದು ಹಳ್ಳ ದಾಟಿದ ಮೇಲೆ ಸಿಗುವ ಕೊಟ್ಟಿಗೆಗಳಲ್ಲಿ ಅವು ಕಾಯಿಲೆ ಬೀಳುತ್ತವೆ. ಹೋದ ವರ್ಷ ಗಿರಿಜಳ ಸ್ಕೂಟರು ಅವಳನ್ನೂ ಔಷಧದ ಪೆಟ್ಟಿಗೆಯನ್ನೂ ಸೇರಿಸಿ ಕಾಲುವೆಗೆ ಇಳಿಯಿತು. ಮೈತುಂಬ ಕೆಸರು ಮಾಡಿಕೊಂಡು ಬಂದವಳು ಮುಖ ತೊಳೆಯುವ ಮೊದಲೇ, "ರೀ, ನಾನು ಆಫ್‌ರೋಡ್ ಬೈಕು ತಗೋತೀನಿ" ಎಂದಳು. ತಗೊಂಡಳು. ಉದ್ದ ಕಾಲಿನ, ಸಣ್ಣ ಸೊಂಟದ, ಮಿಡತೆಯ ಹಾಗಿದ್ದ ಗಾಡಿ. ಅದು ಹಳ್ಳ ದಿಣ್ಣೆ ಎಲ್ಲವನ್ನೂ ಹಾರಿಕೊಂಡು ಹೋಗುತ್ತಿತ್ತು. ಒಂದೇ ಕೊರತೆ, ಅದರ ಮುಂದಿನ ದೀಪ. ದೇವರ ಮನೆಯ ನಂದಾದೀಪಕ್ಕಿಂತ ಅದು ಒಂದು ಕೈ ಹೆಚ್ಚು, ಅಷ್ಟೆ.

"ಕತ್ತಲಾದ ಮೇಲೆ ಚಕ್ರದ ಮುಂದೆ ಎರಡು ಮಾರು ಕಾಣುತ್ತೆ, ಆಮೇಲೆ ಏನೂ ಇಲ್ಲ" ಎಂದು ಗಿರಿಜ ಒಂದು ಸಂಜೆ ಹೇಳಿದಳು. ದೂರು ಹೇಳುವ ದನಿಯಲ್ಲಲ್ಲ, ಸಾರಿಗೆ ಉಪ್ಪು ಕಡಿಮೆ ಎನ್ನುವ ದನಿಯಲ್ಲಿ. ಆದರೆ ಹೆದರಿಕೆ ನನಗೆ ಮೊದಲಿನಿಂದಲೂ ಇತ್ತು. ಅವಳು ರಾತ್ರಿ ಕರೆಗೆ ಹೋದಾಗೆಲ್ಲ ನಾನು ಟಿವಿ ಹಾಕಿಕೊಂಡು ಕೂರುತ್ತಿದ್ದೆ. ಏನು ನೋಡಿದೆ ಎಂದು ಯಾರಾದರೂ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಗೇಟಿನ ಸದ್ದಾದ ಕೂಡಲೇ ಟಿವಿ ಆರಿಸಿ ನಿದ್ದೆ ಮಾಡುವವನ ಹಾಗೆ ಮಲಗುತ್ತಿದ್ದೆ. ಗಂಡಸು ಹೆದರಿದ್ದಾನೆಂದು ಗೊತ್ತಾಗಬಾರದಲ್ಲ. ಹಾಗಾಗಿ, "ಬೆಳಕಿನ ವಿಷಯ ನನಗೆ ಬಿಡು" ಎಂದೆ. ಗಿರಿಜ ನನ್ನನ್ನು ಒಂದು ಕ್ಷಣ ನೋಡಿ, "ಆಯ್ತು" ಎಂದಳು. ಆ ನೋಟದ ಅರ್ಥ ಆಗ ನನಗೆ ಹೊಳೆಯಲಿಲ್ಲ.

ದೊಡ್ಡ ಬೆಳಕು ಬೇಕೆಂದರೆ ದೊಡ್ಡ ಲೈಟು ಹಾಕಬೇಕು, ಎತ್ತರದಲ್ಲಿ ಹಾಕಿದರೆ ದೂರ ಕಾಣುತ್ತದೆ. ಇದು ನನ್ನ ಮೊದಲ ಸಿದ್ಧಾಂತ. ತಟ್ಟೆಯಗಲದ ಎರಡು ಬಿಳಿ ಲೈಟು ತರಿಸಿ ಹ್ಯಾಂಡಲಿನ ಮೇಲೆ ಕೊಂಬಿನ ಹಾಗೆ ನಿಲ್ಲಿಸಿದೆ. ಗಿರಿಜ ಒಂದು ಸುತ್ತು ಹೋಗಿ ಬಂದು, "ತೆಂಗಿನ ಮರದಲ್ಲಿ ಎಷ್ಟು ಕಾಯಿ ಇದೆ ಅಂತ ಎಣಿಸಬಹುದು ಕಣ್ರೀ, ಗುಂಡಿ ಮಾತ್ರ ಕಾಣಲ್ಲ" ಎಂದಳು. ಎದುರಿಗೆ ಬಂದ ಎತ್ತಿನ ಗಾಡಿಯವನು ಕಣ್ಣು ಮುಚ್ಚಿಕೊಂಡು ಎತ್ತುಗಳ ಮೇಲೆ ಭಾರ ಹಾಕಿ ದಾಟಿದನಂತೆ. ಮಾರ್ಗಶಿರದ ಮಂಜಿನಲ್ಲಂತೂ ಬಿಳಿ ಬೆಳಕು ಮಂಜಿಗೆ ಬಡಿದು ಅವಳ ಕಣ್ಣಿಗೇ ವಾಪಸು ಬಂದು, ಎದುರಿಗೆ ಸುಣ್ಣ ಬಳಿದ ಗೋಡೆ ಎದ್ದ ಹಾಗಾಯಿತಂತೆ. ಅವಳು ಲೈಟು ಆರಿಸಿ, ಹಳೆಯ ನಂದಾದೀಪದಲ್ಲೇ ಮನೆಗೆ ಬಂದಿದ್ದಳು.

ಆಗ ನಾನು ಮಾದಪ್ಪನ ಹತ್ತಿರ ಹೋದೆ. ಮಾದಪ್ಪ ಬಸ್ ಸ್ಟ್ಯಾಂಡಿನ ಹಿಂದೆ ಆಟೋ, ಟ್ರಾಕ್ಟರುಗಳ ವೈರಿಂಗ್ ಮಾಡುವವನು. ಅವನು ಬೈಕನ್ನು ಒಂದು ಸುತ್ತು ನೋಡಿ, ನನ್ನ ಕೊಂಬುಗಳನ್ನು ಬಿಚ್ಚಿ ಬೆಂಚಿನ ಮೇಲಿಟ್ಟು, ಸಮಾಧಾನವಾಗಿ ಹೇಳಿದ: "ಸಾ, ಎರಡೂ ಲೈಟು ಒಂದೇ ಕೆಲ್ಸ ಮಾಡಬಾರ್ದು. ಒಂದು ದೂರ ಓಗ್ಬೇಕು, ಒಂದು ಅಗಲುಕ್ಕೆ ಚೆಲ್ಬೇಕು. ಅಗಲುಕ್ಕೆ ಚೆಲ್ಲೋದು ಅಳದಿ ಬಣ್ಣುದ್ದು ಇರ್ಲಿ, ದೂಳು ಮಂಜುಗೆ ಅದೇ ಸರಿ. ಎರಡೂ ಕೆಳಗಿರ್ಲಿ. ಆಮೇಲೆ ರಿಲೇ ಅಂತ ಒಂದು ಸ್ವಿಚ್ಚು ಬತ್ತದೆ, ಅದ ಆಕಿ, ಬ್ಯಾಟ್ರಿಯಿಂದ ಬ್ಯಾರೆ ವೈರ್ ಎಳೀಬೇಕು. ಎಡ್‌ಲೈಟ್ ವೈರ್‌ಗೇ ಕಟ್ಟುದ್ರೆ ಅದು ತಡೆಯಕಿಲ್ಲ, ಸುಟ್ಟೋಯ್ತದೆ. ನಾಕು ದಿನ ಬಿಡಿ, ಮಾಡ್ಕೊಡ್ತೀನಿ."

ಹತ್ತನೇ ಕ್ಲಾಸಿನಲ್ಲಿ ಓದು ಬಿಟ್ಟ ಮಾದಪ್ಪ ನನಗೆ ವಿದ್ಯುತ್ತಿನ ಪಾಠ ಹೇಳುವುದೇ? ಲೈಟುಗಳ ವಿಷಯದಲ್ಲಿ ಅವನ ಮಾತು ಒಪ್ಪಿ, ಹೇಳಿದಂಥವನ್ನೇ ಅವನಿಂದ ಕೊಂಡುಕೊಂಡೆ. ವೈರಿಂಗ್ ನಾನೇ ಮಾಡುತ್ತೇನೆಂದು ಬೈಕು ತಳ್ಳಿಕೊಂಡು ಬಂದೆ. ಭಾನುವಾರ ಇಡೀ ದಿನ ಕೂತು, ರಿಲೇ ಗಿಲೇ ಏನೂ ಇಲ್ಲದೆ, ಎಲ್ಲವನ್ನೂ ಹೆಡ್‌ಲೈಟಿನ ವೈರಿಗೇ ಸೇರಿಸಿ ಕಪ್ಪು ಟೇಪು ಸುತ್ತಿದೆ. ಉರಿಯಿತು. ಎಷ್ಟು ಚೆನ್ನಾಗಿ ಉರಿಯಿತೆಂದರೆ ನಾನು ಎರಡು ಸಲ ಒಳಗೆ ಹೋಗಿ ಮತ್ತೆ ಬಂದು ನೋಡಿದೆ.

ಇದರ ಜೊತೆಗೆ ಹೆಲ್ಮೆಟ್ಟಿಗೆ ಹಾಕುವ ಲೈಟೂ ತಂದಿದ್ದೆ. ಬೈಕಿನ ಲೈಟು ಬೈಕು ನೋಡಿದ ಕಡೆ ನೋಡುತ್ತದೆ, ಹೆಲ್ಮೆಟ್ಟಿನದು ನಾವು ನೋಡಿದ ಕಡೆ. ತಿರುವಿನಲ್ಲಿ ಇದು ಬಹಳ ಉಪಯೋಗ. ಹೆಂಡತಿಗೆ ಹಾಕಿಕೊಟ್ಟ ಮೇಲೆ ಗೊತ್ತಾದ ಇನ್ನೊಂದು ವಿಷಯವೆಂದರೆ, ಅವಳು ನನ್ನ ಕಡೆ ತಿರುಗಿ "ಹಾಲು ಕಾಯಿಸಿದ್ರಾ?" ಎಂದು ಕೇಳಿದರೂ ನಾನು ಪೊಲೀಸ್ ಸ್ಟೇಷನ್ನಿನಲ್ಲಿ ನಿಂತವನ ಹಾಗೆ ಕೈ ಅಡ್ಡ ಹಿಡಿದು ತಪ್ಪೊಪ್ಪಿಕೊಳ್ಳಬೇಕಾಗುತ್ತಿತ್ತು.

ಅದಾಗಿ ಎರಡನೇ ದಿನ ರಾತ್ರಿ ಊಟಕ್ಕೆ ತಟ್ಟೆ ಹಾಕುವಾಗ ಫೋನು ಬಂತು. ದೇವನೂರಿನ ಆಚೆ ತೋಟದ ಮನೆಯಲ್ಲಿರುವ ಸಿದ್ದಮ್ಮ. ಒಂದೇ ಹಸುವಿನ ಹಾಲಿನಲ್ಲಿ ಸಂಸಾರ ನಡೆಸುವ ಹೆಂಗಸು. "ಡಾಕ್ಟ್ರವ್ವ, ಮದ್ಯಾನದಿಂದ ತಿಣುಕ್ತಾ ಅದೆ, ಒಂದೇ ಕಾಲು ಕಾಣ್ತದೆ, ಬೇಗ ಬನ್ನಿ" ಎಂದು ಅಳುತ್ತಿದ್ದಳು. ಗಿರಿಜ ತಟ್ಟೆ ಸರಿಸಿ ಎದ್ದಳು. ನಾನೂ ಎದ್ದೆ. "ನೀವ್ಯಾಕೆ?" ಎಂದಳು. "ಲೈಟು ಹೇಗೆ ಕೆಲಸ ಮಾಡುತ್ತೆ ನೋಡಬೇಕಲ್ಲ" ಎಂದೆ. ನಿಜ ಹೇಳಬೇಕೆಂದರೆ ಟಿವಿಯ ಮುಂದೆ ಕೂರಲು ನನ್ನಿಂದ ಆಗುತ್ತಿರಲಿಲ್ಲ. ನನಗೂ ಒಂದು ಹೆಲ್ಮೆಟ್ ಲೈಟು ತಂದಿದ್ದೆ. ಅದನ್ನು ಹಾಕಿಕೊಂಡು ಹಿಂದಿನ ಸೀಟು ಎಂದು ಹೆಸರಿಟ್ಟಿರುವ ಆ ಒಂದು ಗೇಣು ಜಾಗದಲ್ಲಿ ಕೂತೆ.

ಟಾರು ರಸ್ತೆ ಮುಗಿದು ನಾಲೆ ಏರಿಗೆ ಹತ್ತಿದೆವು. ಎಡಕ್ಕೆ ನೀರು, ಬಲಕ್ಕೆ ಆಳದಲ್ಲಿ ಗದ್ದೆ, ನಡುವೆ ಒಂದು ಮಾರು ಅಗಲದ ಮಣ್ಣಿನ ದಾರಿ. ನಾನು ಸಹಾಯವಾಗಲೆಂದು ನನ್ನ ಲೈಟನ್ನೂ ಹಚ್ಚಿದೆ. ಗಿರಿಜ ಗಕ್ಕನೆ ವೇಗ ಇಳಿಸಿದಳು.

"ರೀ, ಮುಂದೆ ಯಾರೋ ಹೋಗ್ತಿದಾರೆ. ದಾರೀನೇ ಬಿಡ್ತಿಲ್ಲ."

ನಾನು ಅವಳ ಹೆಗಲ ಮೇಲಿಂದ ಇಣುಕಿದೆ. ದಪ್ಪ ತಲೆಯ ಒಂದು ಕಪ್ಪು ಆಕೃತಿ ದಾರಿಯುದ್ದಕ್ಕೂ ನಮ್ಮ ಮುಂದೆಯೇ ಓಡುತ್ತಿತ್ತು. ನಾನು ತಲೆ ಅಲ್ಲಾಡಿಸಿದರೆ ಅದೂ ಅಲ್ಲಾಡುತ್ತಿತ್ತು.

"ಗಿರಿಜಾ," ಎಂದೆ, "ಅದು ನೀನು."

ಬೆಳಕಿನ ಮೂಲ ಹಿಂದಿದ್ದರೆ ನೆರಳು ಮುಂದೆ ಬೀಳುತ್ತದೆ. ಇದನ್ನು ನಾನು ಇಪ್ಪತ್ತೈದು ವರ್ಷದಿಂದ ಹೇಳಿಕೊಡುತ್ತಿದ್ದೇನೆ. "ದಯವಿಟ್ಟು ಆರಿಸಿ" ಎಂದಳು ಗಿರಿಜ. ಆರಿಸಿದೆ. ಸ್ವಲ್ಪ ದೂರ ಹಾಯಾಗಿ ಹೋದೆವು. ಹಳದಿ ಬೆಳಕು ಎರಡೂ ಅಂಚಿಗೆ ಚೆಲ್ಲಿತ್ತು, ಬಿಳಿಯದು ಮುಂದಿನ ತಿರುವಿನವರೆಗೆ ಮುಟ್ಟುತ್ತಿತ್ತು. ನನಗೆ ಹೆಮ್ಮೆ ಉಕ್ಕಿ ಇನ್ನೇನು ಏನಾದರೂ ಹೇಳಬೇಕು, ಅಷ್ಟರಲ್ಲಿ ಸುಟ್ಟ ವೈರಿನ ವಾಸನೆ ಬಂತು. ಮರುಕ್ಷಣ ಎಲ್ಲ ಆರಿತು. ಹೊಸ ಲೈಟುಗಳ ಜೊತೆಗೆ ಹಳೆಯ ನಂದಾದೀಪವೂ ಹೋಯಿತು. ಗಿರಿಜಳ ಹೆಲ್ಮೆಟ್ ಲೈಟನ್ನಾದರೂ ನಂಬೋಣವೆಂದರೆ, ಅದನ್ನು ಚಾರ್ಜಿಗೆ ಹಾಕುವ ಕೆಲಸ ನನ್ನದಾಗಿತ್ತು. ನಾನು ವೈರು ಚುಚ್ಚಿ ಸ್ವಿಚ್ ಹಾಕಿರಲಿಲ್ಲ. ಎಂಜಿನ್ ಮಾತ್ರ ಕತ್ತಲಲ್ಲಿ ಗುಟುಗುಟು ಎನ್ನುತ್ತಿತ್ತು. ಎಡಗಡೆ ನೀರು ಹರಿಯುವ ಸದ್ದು ಇದ್ದಕ್ಕಿದ್ದ ಹಾಗೆ ತುಂಬ ಹತ್ತಿರ ಬಂದಿತ್ತು.

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. "ಇನ್ನೂ ಒಂದೂವರೆ ಮೈಲಿ ಇದೆ. ನಡೆದು ಹೋದರೆ ಕರು ಉಳಿಯಲ್ಲ" ಎಂದಳು, ಅಷ್ಟೆ. ಆಮೇಲೆ, "ನಿಮ್ಮ ಹೆಲ್ಮೆಟ್ ಬಿಚ್ಚಿ. ತಲೆ ಮೇಲಿದ್ರೆ ಗುಂಡಿ ಕಾಣಲ್ಲ. ಲೈಟು ಹಚ್ಚಿ ಕೈಯಲ್ಲಿ ಹಿಡ್ಕೊಳ್ಳಿ, ನನ್ನ ಪಕ್ಕಕ್ಕೆ. ಇನ್ನೂ ಕೆಳಗೆ. ಇನ್ನೂ." ನಾನು ಎಡಗೈಯಿಂದ ಅವಳ ಸೊಂಟ ಹಿಡಿದು, ಬಲಕ್ಕೆ ಬಾಗಿ, ಹೆಲ್ಮೆಟ್ಟನ್ನು ಅವಳ ಮೊಣಕಾಲಿನ ಮಟ್ಟಕ್ಕೆ ತಂದೆ. ಬೆಳಕು ನೆಲ ಸವರಿಕೊಂಡು ಹೋಗತೊಡಗಿದ ಕೂಡಲೇ ದಾರಿಯ ಒಂದೊಂದು ಗುಂಡಿಗೂ ಒಂದೊಂದು ನೆರಳು ಹುಟ್ಟಿ, ಗಾಡಿ ಜಾಡು, ಕಲ್ಲು, ಬಿರುಕು ಎಲ್ಲ ಕೆತ್ತಿಟ್ಟ ಹಾಗೆ ಕಂಡವು. ಎತ್ತರದ ಬೆಳಕಿನಲ್ಲಿ ಚಪ್ಪಟೆಯಾಗಿ ಕಂಡು ಮೋಸ ಮಾಡುತ್ತಿದ್ದ ನೆಲವೇ ಅದು. "ನೋಡಿದ್ಯಾ, ಕಿರಣ ಓರೆಯಾಗಿ ಬಿದ್ದಾಗ..." ಎಂದು ಶುರು ಮಾಡಿದೆ. "ಕೈ ಅಲ್ಲಾಡಿಸಬೇಡಿ" ಎಂದಳು.

ಹಾಗೆಯೇ ಒಂದೂವರೆ ಮೈಲಿ. ನನ್ನ ಸೊಂಟ ಮೊದಲು ನೋಯಿತು, ಆಮೇಲೆ ಉರಿಯಿತು, ಆಮೇಲೆ ಅದು ನನ್ನದು ಅನ್ನಿಸುವುದೇ ನಿಂತುಹೋಯಿತು. ತೋಟದ ಮನೆ ಮುಟ್ಟಿ ಬೈಕಿನಿಂದ ಇಳಿದ ಮೇಲೂ ನಾನು ಬಾಗಿಯೇ ಇದ್ದೆ. ಲಾಟೀನು ಹಿಡಿದು ಓಡಿಬಂದ ಸಿದ್ದಮ್ಮ ಅಂಥ ಸಂಕಟದಲ್ಲೂ ನನ್ನನ್ನು ನೋಡಿ ನಿಂತು, "ಇವ್ರಿಗೇನಾಯ್ತವ್ವ? ಇವ್ರೂ ನಿಮ್ಮ ಕೇಸಾ?" ಎಂದು ಕೇಳಿದಳು.

ಕೊಟ್ಟಿಗೆಯಲ್ಲಿ ಕರೆಂಟಿರಲಿಲ್ಲ. ಹಸು ಮಲಗಿ ಕತ್ತು ಚಾಚಿತ್ತು. ಗಿರಿಜ ಉದ್ದ ಗ್ಲೌಸು ಹಾಕಿಕೊಂಡು ಮಂಡಿಯೂರಿದಳು. ಸಿದ್ದಮ್ಮನ ಲಾಟೀನಿನ ಬೆಳಕು ಸಾಲದು ಎಂದು ನನ್ನನ್ನು ಹಿಂದೆ ನಿಲ್ಲಿಸಿದಳು. ಈಗ ಹೆಲ್ಮೆಟ್ಟು ಮತ್ತೆ ನನ್ನ ತಲೆಯ ಮೇಲೆ. ನನಗೆ ರಕ್ತ ಕಂಡರೆ ಆಗುವುದಿಲ್ಲ, ಇಂಜೆಕ್ಷನ್ ಜಾಹೀರಾತು ಬಂದರೂ ಕಣ್ಣು ಮುಚ್ಚುವವನು. ಹಾಗಾಗಿ ಮೆಲ್ಲಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿದೆ. ಮುಖದ ಜೊತೆ ಬೆಳಕೂ ಗೋಡೆಗೆ ಹೋಯಿತು. "ರೀ, ಈ ಕಡೆ." ತಿರುಗಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಮಾಡಿನ ಹೆಂಚು ಎಣಿಸತೊಡಗಿದೆ. "ಇಲ್ಲಿ ನೋಡ್ರಿ, ನನ್ನ ಕೈ ನೋಡಿ." ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ನಾನು ನೋಡದೆ ಇದ್ದರೆ ಅವಳಿಗೆ ಕಾಣುವುದಿಲ್ಲ.

ಹಾಗಾಗಿ ನೋಡಿದೆ. ಕರುವಿನ ಒಂದು ಮುಂಗಾಲು ಒಳಗೆ ಮಡಚಿಕೊಂಡಿತ್ತಂತೆ. ಹಸು ತಿಣುಕುವುದು ನಿಲ್ಲಿಸುವವರೆಗೆ ಕಾದು, ಕರುವನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕಾಲನ್ನು ನೇರ ಮಾಡಬೇಕು. ಗೊರಸು ತಾಗಿದರೆ ಗರ್ಭಕೋಶ ಹರಿಯುತ್ತದೆ. ಗಿರಿಜ ಹುಲ್ಲಿನ ಮೇಲೆ ಕೆನ್ನೆಯಿಟ್ಟು ಮಲಗಿ, ತೋಳು ಪೂರ್ತಿ ಒಳಗಿಟ್ಟು, ಕಣ್ಣು ಮುಚ್ಚಿಕೊಂಡಿದ್ದಳು. "ಆಯ್ತು ತಾಯಿ, ಆಯ್ತು, ಇನ್ನೊಂಚೂರು" ಎಂದು ಹಸುವಿಗೆ ಹೇಳುತ್ತಿದ್ದಳು. ಅಷ್ಟು ಮೃದುವಾದ ದನಿ ಅವಳಲ್ಲಿದೆ ಎಂದು ನನಗೆ ಗೊತ್ತಿತ್ತು, ಆದರೆ ಕೇಳಿ ಬಹಳ ದಿನವಾಗಿತ್ತು. ಅರ್ಧ ಗಂಟೆಯಾಗಿರಬೇಕು. ಆಮೇಲೆ ಎರಡು ಕಾಲು, ಮೂಗು, ಇಡೀ ಕರು ಜಾರಿಕೊಂಡು ಬಂತು. ಅಲುಗಲಿಲ್ಲ. ಸಿದ್ದಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಗಿರಿಜ ಅದರ ಬಾಯಿ ಮೂಗು ಒರೆಸಿ, ಹುಲ್ಲು ಹಿಡಿದು ಪಕ್ಕೆಯನ್ನು ಗಸಗಸ ಉಜ್ಜಿದಳು, ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿದಳು. ಕರು ಒಂದು ಸಲ ಸೀನಿತು, ತಲೆ ಒದರಿತು, ನನ್ನ ಲೈಟನ್ನೇ ದಿಟ್ಟಿಸಿ ನೋಡಿತು.

"ಬೆಳಕು ಮಬ್ಬಾಯ್ತಲ್ಲ, ಚಾರ್ಜ್ ಹೋಯ್ತಾ?" ಎಂದಳು ಗಿರಿಜ. ಲೈಟು ಸರಿಯಾಗಿಯೇ ಇತ್ತು. ನಾನು ಕಣ್ಣೊರೆಸಿಕೊಳ್ಳಲು ಕೈ ಅಡ್ಡ ತಂದಿದ್ದೆ.

ಮಾರನೆಯ ದಿನ ಮಾದಪ್ಪ ನನ್ನ ಟೇಪನ್ನೆಲ್ಲ ಬಿಚ್ಚಿ, ಕರಗಿದ ವೈರನ್ನು ನನ್ನ ಕೈಗೆ ಕೊಟ್ಟ. ಈಗ ರಿಲೇ ಇದೆ, ಬೇರೆ ಫ್ಯೂಸಿದೆ, ಗಿರಿಜ ಎಲ್ಲಿಗೆ ಬೇಕಾದರೂ ಒಬ್ಬಳೇ ಹೋಗಿಬರಬಹುದು. ಆದರೂ ಫೋನು ಬಂದಾಗ ನಾನು ಹೆಲ್ಮೆಟ್ ಹಾಕಿಕೊಂಡು ಗೇಟಿನಲ್ಲಿರುತ್ತೇನೆ. ಬೇಡವೆಂದು ಅವಳು ಇದುವರೆಗೆ ಹೇಳಿಲ್ಲ.

ವಾರವಾದ ಮೇಲೆ ಸಿದ್ದಮ್ಮ ತನ್ನ ತಂಗಿಯನ್ನು ಕರೆದುಕೊಂಡು, ಚೊಂಬಿನಲ್ಲಿ ಗಿಣ್ಣು ಮಾಡಿಕೊಂಡು ಮನೆಗೆ ಬಂದಳು. ಕಾಲೇಜಿನಿಂದ ಆಗ ತಾನೇ ಬಂದಿದ್ದ ನಾನು ಇಸ್ತ್ರಿ ಅಂಗಿಯಲ್ಲಿ, ಕೈಯಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಹಿಡಿದು ಸಾಕಷ್ಟು ಗಂಭೀರವಾಗಿ ನಿಂತಿದ್ದೆ. ಸಿದ್ದಮ್ಮ ನನ್ನನ್ನು ತೋರಿಸಿ ತಂಗಿಗೆ ಹೇಳಿದಳು: "ಇವ್ರೇ ಕಣವ್ವ, ಡಾಕ್ಟ್ರವ್ವಂಗೆ ಲೈಟ್ ಇಡಿಯೋರು. ಪಾಪ, ಬಲು ನಿಯತ್ತಿನ ಮನುಸ." ತಂಗಿ ನನ್ನನ್ನು ಕರುಣೆಯಿಂದ ನೋಡಿ, ಗಿರಿಜಳ ಕಡೆ ತಿರುಗಿದಳು.

"ಈ ಕೆಲ್ಸ ಇವ್ರಿಗೆ ಪರ್ಮನೆಂಟ್ ಆಯ್ತಾ ಡಾಕ್ಟ್ರವ್ವ?"

ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿದೆ. ನಾನೂ ಉತ್ತರಕ್ಕಾಗಿ ಗಿರಿಜಳ ಮುಖ ನೋಡಿದೆ. ಅವಳು ಗಿಣ್ಣಿನ ಚೊಂಬು ತೆಗೆದುಕೊಂಡು ಒಳಗೆ ಹೋಗುತ್ತ, "ಇನ್ನೂ ಪ್ರೊಬೇಷನ್ ಕಣಮ್ಮ, ನೋಡೋಣ" ಎಂದಳು.