ಸರ್ಕಲ್ಲಿಗೊಂದು ಮರ

ಎಲ್ಲಕ್ಕೂ ಕಾರಣ ಅಮ್ಮನ ಒಂದು ನಿಟ್ಟುಸಿರು.

ಮಂಡಿನೋವು ಹಿಡಿದ ಮೇಲೆ ಆಕೆಯ ಲೋಕವೆಲ್ಲ ಮಹಡಿಯ ಕಿಟಕಿ. ಕಿಟಕಿಯ ಕೆಳಗೆ ಸರ್ಕಲ್ಲು, ಸರ್ಕಲ್ಲಿನ ನಡುವೆ ಬೋಳು ಮಣ್ಣಿನ ದಿಬ್ಬ. ಒಂದು ಸಂಜೆ ಅತ್ತಲೇ ನೋಡುತ್ತ ಆಕೆ ಉಸ್ಸೆಂದಳು. ನಗರಸಭೆಯಲ್ಲಿ ನಕ್ಷೆ ಬರೆಯುವ ಮಗ, ಬೀದಿಯವರ ಬಾಯಲ್ಲಿ ಪೆನ್ಸಿಲಣ್ಣ, ಆ ಉಸಿರನ್ನು ಎದೆಗೆ ಹಚ್ಚಿಕೊಂಡ. ಪಾಪ, ಕಣ್ಣು ತಂಪಾಗಲು ಅಮ್ಮನಿಗೊಂದು ಹೂಬಿಡುವ ಮರ ಬೇಕು ಎಂದು ತಾನೇ ಅರ್ಥ ಮಾಡಿಕೊಂಡ. ಅಮ್ಮನನ್ನು ಕೇಳಲಿಲ್ಲ. ಹೆತ್ತವಳ ಮನಸ್ಸನ್ನು ಯಾರಾದರೂ ಕೇಳಿ ತಿಳಿದುಕೊಳ್ಳುತ್ತಾರೆಯೇ?

ಮೂರು ತಿಂಗಳು ಕೂತು ನಕ್ಷೆ ಬರೆದ. ಸುತ್ತ ಹುಲ್ಲು, ಒಳಗೆ ಗುಲಾಬಿ, ಒಂದು ಕಲ್ಲುಬೆಂಚು, ಒಂದು ದೀಪದ ಕಂಬ, ನಟ್ಟನಡುವೆ ಮರ. ಇಂಜಿನಿಯರು ಅದನ್ನು ತಲೆಕೆಳಗಾಗಿ ಹಿಡಿದು ನೋಡಿದರು. ದುಂಡಗಿನ ನಕ್ಷೆಯಾದ್ದರಿಂದ ಅಂಥ ವ್ಯತ್ಯಾಸವೇನೂ ಆಗಲಿಲ್ಲ.

"ಚೆನ್ನಾಗಿದೆ. ಆದ್ರೆ ನಿಯಮ ಗೊತ್ತಲ್ಲ? ಸರ್ಕಲ್ಲಿಗೆ ಬಾಗಿಲಿರೋ ಐದೂ ಜನದ ಸಹಿ ಬೇಕು. ಒಬ್ಬೊಬ್ರೂ ಬೇಡ ಅನ್ಸಿದ್ದು ಒಂದನ್ನ ಕೆಂಪು ಪೆನ್ಸಿಲಲ್ಲಿ ಹೊಡೆದು ಹಾಕ್ಬಹುದು. ಹೊಡೆದದ್ದು ವಾಪಸ್ ಬರಲ್ಲ. ಸಂಜೆ ಐದಕ್ಕೆ ನಕ್ಷೆ ನನ್ನ ಮೇಜಿನ ಮೇಲಿರ್ಲಿ. ಒಂದಾದ್ರೂ ಉಳಿದಿದ್ರೆ ನೆಡೋಣ. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಸಿಮೆಂಟು."

ಐದು ವಸ್ತು, ಐದು ಬಾಗಿಲು. ಪೆನ್ಸಿಲಣ್ಣ ಬೆರಳು ಮಡಚಿ ಎರಡು ಸಲ ಎಣಿಸಿದ, ಉಳಿದದ್ದು ಸೊನ್ನೆ. ಆದರೆ ಐದನೆಯ ಬಾಗಿಲು ತನ್ನದೇ. ಮನೆ ಅಮ್ಮನ ಹೆಸರಿನಲ್ಲಿದೆ. ಅಮ್ಮ ಗೆರೆ ಎಳೆಯುವವಳಲ್ಲ. ಉಳಿದ ನಾಲ್ವರು ಏನಾದರೂ ಹೊಡೆಯಲಿ, ದೇವರೇ, ಮರವೊಂದು ಉಳಿಯಲಿ ಎಂದು ಕೈಮುಗಿದು ಹೊರಟ.

ಬೇಕರಿಯವನ ಕೆಂಪು ಪೆನ್ಸಿಲು ಗೆರೆ ಎಳೆಯಲು ನೆಟ್ಟಗೆ ಮರದತ್ತಲೇ ಹೊರಟಿತು. "ಇದು ಬೆಳೆದ್ರೆ ಆಚೆ ರಸ್ತೆಯವರಿಗೆ ನನ್ನ ಬೋರ್ಡು ಕಾಣುತ್ತೇನಯ್ಯಾ?"

"ಅಣ್ಣಾ, ಮರ ಬೆಳೆಯೋಕೆ ಹತ್ತು ವರ್ಷ. ಗುಲಾಬಿ ಆರೇ ತಿಂಗಳು. ಗುಲಾಬಿಗೆ ಜೇನುನೊಣ ಬರುತ್ತೆ. ಆಮೇಲೆ ಅದು ಎಲ್ಲಿಗೆ ಬರುತ್ತೆ ಹೇಳಿ?"

ಬೇಕರಿಯವನು ತನ್ನ ಕೇಕುಗಳತ್ತ ತಿರುಗಿ ನೋಡಿದ. ಗುಲಾಬಿ ಹೋಯಿತು. ತಾನು ಹೆತ್ತ ಮಗುವಿನ ಮೇಲೆ ತಾನೇ ಚಾಡಿ ಹೇಳಿದಂತಾಯಿತು ಪೆನ್ಸಿಲಣ್ಣನಿಗೆ.

ದರ್ಜಿಗೆ ಮರದ ನೆರಳಿನ ಚಿಂತೆ. "ನೆರಳು ಬಿದ್ರೆ ಸೂಜಿಗೆ ದಾರ ಪೋಣಿಸೋದು ಹೆಂಗೆ?"

"ಹಾಗಾದ್ರೆ ದೀಪ ಇದೆಯಲ್ಲ?"

"ಅಯ್ಯೋ, ದೀಪಾನೂ ಇದೆಯಾ!" ದರ್ಜಿ ಬೆಚ್ಚಿದ. "ನಾನು ಬಟ್ಟೆ ಕೊಡೋದೇ ಕತ್ತಲಾದ ಮೇಲೆ. ಬೆಳಕಲ್ಲಿ ಹೊಲಿಗೆ ನೋಡಿದ್ರೆ ಗಿರಾಕಿ ಉಳೀತಾನಾ?" ದೀಪದ ಕಂಬ ಉರುಳಿತು.

ನಿವೃತ್ತ ಹೆಡ್‌ಮಾಸ್ತರರು ಪೆನ್ಸಿಲಣ್ಣನಿಗೆ ಪಾಠ ಹೇಳಿದವರು. ನಕ್ಷೆ ನೋಡುವ ಮೊದಲು ಹಳೆಯ ಬಾಕಿ ನೆನಪಿಸಿದರು. "ಐದನೇ ಕ್ಲಾಸಿನ ಪದ್ಯ ಒಪ್ಪಿಸದೆ ಓಡಿಹೋಗಿದ್ದೆ. ಎಲ್ಲಿ, ಈಗ ಹೇಳು."

ಅಂಗಳದಲ್ಲಿ ಕೈಕಟ್ಟಿ ನಿಂತು, ನರೆತ ತಲೆಯ ಪೆನ್ಸಿಲಣ್ಣ ಪದ್ಯ ಹಾಡಿದ. ಮೂರನೆಯ ಸಾಲಿನಲ್ಲಿ ನಲವತ್ತು ವರ್ಷದ ಹಿಂದೆ ಎಲ್ಲಿ ಎಡವಿದ್ದನೋ ಅಲ್ಲೇ ಎಡವಿದ. ಮೂರು ಸಲ ಹೇಳಿಸಿ, "ಬೆಂಚು ಬೇಡ. ನಿನ್ನಂಥ ಸೋಮಾರಿಗಳು ಬಂದು ಕೂರ್ತಾರೆ" ಎಂದು ಗೆರೆ ಎಳೆದರು.

ನಾಲ್ಕನೆಯ ಬಾಗಿಲು ಟ್ರಾಫಿಕ್ ಪೊಲೀಸಿನವನ ಚೌಕಿ. "ಮರ ಅಡ್ಡ ನಿಂತ್ರೆ ಆ ಕಡೆಯಿಂದ ಯಾರು ನುಗ್ತಾರೆ ಅಂತ ನನಗೆ ಹೆಂಗಪ್ಪಾ ಕಾಣ್ಬೇಕು?"

"ದಮ್ಮಯ್ಯ ಅಂತೀನಿ ಸಾರ್. ನಮ್ಮಮ್ಮನಿಗೋಸ್ಕರ."

ಅಮ್ಮ ಎಂದೊಡನೆ ಅವನ ಮೀಸೆ ಮೆತ್ತಗಾಯಿತು. "ಸರಿ, ಹುಲ್ಲು ಹೊಡೀತೀನಿ. ಹುಲ್ಲಿಗೆ ದನ ಬರ್ತವೆ, ನನ್ನ ಸೀಟಿಗೆ ಬೆಲೆ ಕೊಡಲ್ಲ. ಆದ್ರೆ ಹಸಿವಾಗ್ತಿದೆ. ಊಟ ಮಾಡ್ಕೊಂಡು ಬಂದು ಸಹಿ ಹಾಕ್ತೀನಿ, ಅಲ್ಲಿ ತನಕ ಇದನ್ನ ಊದ್ತಿರು."

ಸೀಟಿಯನ್ನು ಬಾಯಿಗಿಟ್ಟುಕೊಂಡು ಪೆನ್ಸಿಲಣ್ಣ ದಿಬ್ಬ ಹತ್ತಿದ. ಒಂದು ಕೈ ಎತ್ತಿದ, ನಾಲ್ಕು ಕಡೆಯ ಗಾಡಿಗಳೂ ನಿಂತವು. ಇನ್ನೊಂದು ಕೈ ಎತ್ತಿದ, ನಾಲ್ಕು ಕಡೆಯವೂ ಒಟ್ಟಿಗೆ ಹೊರಟವು. ಬಸ್ಸು ಲಾರಿಗೆ ಮೂಗು ತಾಗಿಸಿತು, ಮೊಟ್ಟೆಯ ಸೈಕಲ್ಲು ಮಗುಚಿತು, ಮೊಟ್ಟೆಯವನು ಇವನ ಕಾಲರ್ ಹಿಡಿದ. ಪೊಲೀಸಿನವನು ತೇಗುತ್ತ ಬರುವ ಹೊತ್ತಿಗೆ ಪೆನ್ಸಿಲಣ್ಣನ ಅಂಗಿಗೆ ಹಳದಿ ಬಣ್ಣ, ಚಪ್ಪಲಿಗೆ ಒಂದೇ ಬಾರು. ಆದರೂ ನಾಲ್ಕನೆಯ ಸಹಿ ಬಿತ್ತು, ನಕ್ಷೆಯ ನಟ್ಟನಡುವೆ ಮರ ನಿಂತಿತ್ತು!

ನಾಲ್ಕೂವರೆಗೆ ಮೆಟ್ಟಿಲು ಹತ್ತಿ ಹೋಗಿ ಅಮ್ಮನ ತೊಡೆಯ ಮೇಲೆ ನಕ್ಷೆ ಹರಡಿದ. "ಅಮ್ಮಾ, ನೋಡು. ನಿನಗೋಸ್ಕರ. ಇಲ್ಲೊಂದು ಸಹಿ ಹಾಕ್ಬಿಡು."

ಅಮ್ಮ ಕನ್ನಡಕ ಏರಿಸಿಕೊಂಡಳು. "ಈ ಕೆಂಪು ಗೆರೆ ಎಲ್ಲಾ ಏನೋ?"

"ಗುಲಾಬಿ, ದೀಪ, ಬೆಂಚು, ಹುಲ್ಲು. ಬೇಡ ಅಂದ್ರು. ಮರ ಒಂದನ್ನ ಪ್ರಾಣ ಕೊಟ್ಟು ಉಳಿಸ್ಕೊಂಡು ಬಂದೆ."

"ಅಯ್ಯೋ ಮಂಕೇ! ಗುಲಾಬಿ ಇದ್ದಿದ್ರೆ ಎಷ್ಟು ಚೆಂದ ಇರ್ತಿತ್ತು! ದೀಪ ಇದ್ದಿದ್ರೆ ರಾತ್ರಿನೂ ಕಾಣ್ತಿತ್ತು. ಅವನ್ನೆಲ್ಲ ಬಿಟ್ಟು ಮರ ಯಾಕೋ ಉಳಿಸ್ದೆ?" ಆಕೆ ಕಿಟಕಿಯತ್ತ ಕೈ ತೋರಿಸಿದಳು. "ದಿನಾ ಅಲ್ಲಿ ಒಂದಲ್ಲ ಒಂದು ಜಗಳ ಆಗುತ್ತೆ. ನನಗಿರೋದು ಅದೊಂದೇ ಕಣೋ. ಯಾವ ಜಗಳಾನೂ ಆಗದ ದಿನ ಹೊತ್ತೇ ಹೋಗಲ್ಲ, ಉಸ್ಸೆನ್ನೋ ಹಾಗಾಗುತ್ತೆ. ಇವತ್ತು ಮಧ್ಯಾಹ್ನ ನೀನು ಸೀಟಿ ಊದ್ತಾ, ಮೊಟ್ಟೆಯವನು ನಿನ್ನ ಕಾಲರ್ ಹಿಡ್ಕೊಂಡು... ಅಬ್ಬಾ, ನಕ್ಕೂ ನಕ್ಕೂ ಮಂಡಿನೋವೇ ಮರೆತುಹೋಯ್ತು! ಮರ ಇದ್ದಿದ್ರೆ ಅದು ಕಾಣ್ತಿತ್ತಾ?"

ಪೆನ್ಸಿಲಣ್ಣ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕೆಂಪು ಪೆನ್ಸಿಲು ಎತ್ತಿಕೊಂಡಳು. ಹೊಲಿಗೆ ಹಾಕುವಷ್ಟು ಶ್ರದ್ಧೆಯಿಂದ ಮರದ ಮೇಲೆ ಗೆರೆ ಎಳೆದು, ಕೆಳಗೆ ಸಹಿ ಹಾಕಿದಳು.

ಐದಕ್ಕೆ ಸರಿಯಾಗಿ ಇಂಜಿನಿಯರು ನಕ್ಷೆಯನ್ನು ಎರಡು ಸಲ ತಿರುಗಿಸಿ ನೋಡಿದರು. "ಸಿಮೆಂಟೇ ಹಾಗಾದ್ರೆ. ಕೆಲಸ ಮುಗಿಯೋಕೆ ಒಂದು ತಿಂಗಳು. ಅಲ್ಲಿ ತನಕ ಗಾಡಿಗಳನ್ನ ನೋಡ್ಕೊಳ್ಳೋಕೆ ನಮ್ಮ ಕಡೆಯಿಂದ ಒಬ್ಬ ಬೇಕಂತೆ. ಆ ಪೊಲೀಸಿನವನು ನಿಮ್ಮ ಹೆಸರೇ ಹೇಳಿದ. ಸೀಟಿ ಚೆನ್ನಾಗಿ ಊದ್ತೀರಂತಲ್ಲ?"

ಮರುದಿನ ಬೆಳಿಗ್ಗೆ, ನಕ್ಷೆಯಲ್ಲಿ ಮರವಿದ್ದ ಜಾಗದಲ್ಲೇ, ಎರಡೂ ಕೈ ಚಾಚಿಕೊಂಡು ಪೆನ್ಸಿಲಣ್ಣ ನಿಂತಿದ್ದ. ಒಂದು ಕಡೆಯಿಂದ ಸಿಮೆಂಟಿನ ಲಾರಿ, ಇನ್ನೊಂದು ಕಡೆಯಿಂದ ಅದೇ ಮೊಟ್ಟೆಯ ಸೈಕಲ್ಲು ಬರುತ್ತಿದ್ದವು.

ಮಹಡಿಯ ಮೇಲೆ ಅಮ್ಮ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡಳು.