ಎರಡೂ ತಟ್ಟೆಯ ಪರೀಕ್ಷೆ

ತೂಕದಣ್ಣ ಯಾವ ತಕ್ಕಡಿಯನ್ನೂ ಒಂದೇ ಸಲಕ್ಕೆ ನಂಬಿದವನಲ್ಲ. ರಿಪೇರಿಗೆ ಬಂದದ್ದನ್ನು ಬಿಚ್ಚಿ, ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಎಡ ತಟ್ಟೆಗೆ ತೂಕದ ಕಲ್ಲು, ಬಲ ತಟ್ಟೆಗೆ ಸಾಮಾನು ಇಟ್ಟು ನೋಡುವನು. ಮುಳ್ಳು ನೆಟ್ಟಗೆ ನಿಂತರೆ ಬೇರೆಯವರು ಆಯಿತು ಅಂತ ಕೂಲಿ ಈಸಿಕೊಳ್ಳುತ್ತಾರೆ. ಇವನು ಕಲ್ಲನ್ನು ಬಲಕ್ಕೂ ಸಾಮಾನನ್ನು ಎಡಕ್ಕೂ ಅದಲುಬದಲು ಮಾಡಿ ಇನ್ನೊಮ್ಮೆ ತೂಗುವನು.

"ಕಳ್ಳ ತಕ್ಕಡಿ ಒಂದು ಕಡೆಯಿಂದ ಸಾಧು ಥರಾನೇ ಕಾಣುತ್ತೆ. ಕಡೆ ಬದಲಾಯಿಸಿದಾಗಲೇ ಬಣ್ಣ ಬಯಲಾಗೋದು" ಎನ್ನುತ್ತಿದ್ದ.

ಈ ಚಟ ಅವನಿಗೆ ಬಹಳ ಕಾಲ ಅನ್ನ ಹಾಕಿತು. ಕೊನೆಗೊಂದು ದಿನ ಆ ಅನ್ನವೇ ಅವನ ಕುತ್ತಿಗೆಗೆ ಬಂತು.

ಅವನ ಸೋದರತ್ತೆ ತೀರಿಕೊಂಡು ವರ್ಷವಾಗುತ್ತಿತ್ತು. ಆಕೆ ಊರಿಗೆಲ್ಲ ಟೋಪಿ ಮಾರಿ ದುಡ್ಡು ಮಾಡಿದರೂ ಯಾರಿಗೂ ಟೋಪಿ ಹಾಕಿದವಳಲ್ಲ. ಮಕ್ಕಳಿರಲಿಲ್ಲ. ತಮ್ಮನ ಮಗನಾದ ಇವನನ್ನು ಕಂಡಾಗಲೆಲ್ಲ ಬಲಗೈ ಬೆರಳು ಎತ್ತಿ, "ನಿನಗೆ ಬುದ್ಧಿ ಬರೋದು ಯಾವಾಗಲೋ?" ಎಂದು ಶುರು ಮಾಡಿದರೆ ನಿಲ್ಲಿಸಲು ಸೂರ್ಯನೇ ಮುಳುಗಬೇಕಿತ್ತು.

ಆಕೆಯ ಉಯಿಲು ಚಿಕ್ಕದು. ತನ್ನ ದುಡ್ಡಷ್ಟನ್ನೂ ಬಡವರಿಗೆ ನಿಯತ್ತಿನಿಂದ ನೆರವಾಗುವ ಒಂದು ಸಂಸ್ಥೆಗೆ ಕೊಡಬೇಕು. ಹುಡುಕಬೇಕಾದವನು ತಮ್ಮನ ಮಗ, ಕೊಡಬೇಕಾದವನೂ ಅವನೇ, ತನ್ನ ಕೈಯಾರೆ. ವರ್ಷದೊಳಗೆ ಆಗದಿದ್ದರೆ ಆ ದುಡ್ಡಿನಲ್ಲಿ ತನ್ನದೊಂದು ಕಲ್ಲಿನ ವಿಗ್ರಹ ಮಾಡಿಸಿ ಅವನ ಅಂಗಡಿ ಬಾಗಿಲಿಗೆ ಎದುರಾಗಿ ನಿಲ್ಲಿಸತಕ್ಕದ್ದು. ಬೆರಳು ಎತ್ತಿರಬೇಕು. ದುಡ್ಡು ಮಿಕ್ಕಿದರೆ ವಿಗ್ರಹವನ್ನು ಇನ್ನಷ್ಟು ಎತ್ತರ ಮಾಡುವುದು.

ಆ ಬೆಳಿಗ್ಗೆ ವಕೀಲರು ಅಂಗಡಿಗೇ ಬಂದರು.

"ಇವತ್ತು ಕತ್ತಲಾದರೆ ಗಡುವು ಮುಗೀತಪ್ಪ. ಚೆಕ್ಕು ನನ್ನ ಚೀಲದಲ್ಲೇ ಇದೆ. ಹೆಸರು ಹೇಳು, ಬರೀತೀನಿ."

ತೂಕದಣ್ಣ ಹೊರಗೆ ನೋಡಿದ. ಬಾಗಿಲ ಎದುರಿನ ಕಲ್ಲುಹಾಸಿನ ಮೇಲೆ ಶಿಲ್ಪಿ ಆಗಲೇ ಸೀಮೆಸುಣ್ಣದಲ್ಲಿ ಪೀಠದ ಗುರುತು ಹಾಕಿ ಹೋಗಿದ್ದ. ಪೀಠವೇ ಅಷ್ಟಗಲ ಇದ್ದರೆ ಮೇಲೆ ನಿಲ್ಲುವ ಅತ್ತೆ ಎಷ್ಟೆತ್ತರವೋ ಎಂದು ಲೆಕ್ಕ ಹಾಕಿದ.

"ವರ್ಷವೆಲ್ಲ ಸುತ್ತಿದೀನಿ ಸ್ವಾಮಿ. ದುಡ್ಡು ಕೊಡ್ತೀನಿ ಅಂದ್ರೆ ಎಲ್ಲರೂ ನಗುನಗ್ತಾ ಕುರ್ಚಿ ಕೊಡ್ತಾರೆ. ಎಲ್ಲ ಮುಳ್ಳೂ ನೆಟ್ಟಗೇ! ಯಾರನ್ನ ನಂಬಲಿ?"

ಪಕ್ಕದ ಕ್ಷೌರದಂಗಡಿಯವನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಕರೆಯದೆ ಬರುವುದು, ಕೇಳದೆ ಹೇಳುವುದು ಅವನ ಸ್ವಭಾವ. ಅರ್ಧ ಬೋಳಿಸಿದ ಗಿರಾಕಿಯನ್ನು ಕನ್ನಡಿ ಮುಂದೆ ಬಿಟ್ಟು ಓಡಿ ಬಂದ.

"ಅಣ್ಣಾ, ಕೊಡೋನ ತಟ್ಟೇಲಿ ಕೂತು ತೂಗಿದೀಯ. ಬೇಡೋನ ತಟ್ಟೇಲಿ ಕೂತು ನೋಡಿದೀಯಾ?"

ತೂಕದಣ್ಣ ಹಣೆ ಚಚ್ಚಿಕೊಂಡ. ತನ್ನ ಮನೆಯ ವಿದ್ಯೆ ಪಕ್ಕದ ಮನೆಯಿಂದ ಬಂದಿತ್ತು.

ಕತ್ತರಿ ಅವನ ತಲೆಗೂದಲು ಕೆದರಿ, ಕೆನ್ನೆಗೆ ಮಸಿ ಬಳಿದು, ಹರಿದ ಅಂಗಿಯೊಂದನ್ನು ಎಲ್ಲಿಂದಲೋ ತಂದು ತೊಡಿಸಿದ. ವೇಷ ಹೇಗಿದೆ ಎಂದು ಕೇಳಲು ಒಳಗೆ ಹೋದರೆ ಹೆಂಡತಿ ಕೈಯಲ್ಲಿದ್ದ ಪಾತ್ರೆಯಿಂದ ತಲೆಯನ್ನೇ ಎತ್ತಲಿಲ್ಲ.

"ಏನೇ, ಗುರುತು ಸಿಗುತ್ತಾ?"

"ಯಾಕೆ, ಏನಾದ್ರೂ ಬದಲಾಯಿಸ್ಕೊಂಡ್ರಾ?"

"ಸರಿಯಾಗಿ ನೋಡು!"

ಆಕೆ ನೋಡಿದಳು. "ದಿನಾ ಹೀಗೇ ತಾನೇ ಇರ್ತೀರಿ. ಊಟ ಮಾಡ್ಕೊಂಡು ಹೋಗಿ, ಆಗ್ತಾ ಬಂತು."

"ಹೊಟ್ಟೆ ತುಂಬಿರೋ ಭಿಕ್ಷುಕನ್ನ ಯಾರೇ ನಂಬ್ತಾರೆ?" ಎಂದು ಅವನು ಹಾಗೇ ಹೊರಟ. ಆ ಮಾತನ್ನು ಆಕೆ ಈಗಲೂ ವಾರಕ್ಕೊಮ್ಮೆ ಅವನಿಗೆ ಹೇಳಿ ತೋರಿಸುತ್ತಾಳೆ.

ಮೊದಲು ಹೋದದ್ದು ಅಮೃತಶಿಲೆ ಹಾಸಿದ ದೊಡ್ಡ ಸಂಸ್ಥೆಗೆ. ಹಿಂದೆ ಕೊಡುವವನಾಗಿ ಹೋದಾಗ ಅಲ್ಲಿ ಗುಲಾಬಿ ಕೊಟ್ಟಿದ್ದರು, ತಣ್ಣನೆಯ ಕೋಣೆಯಲ್ಲಿ ಕೂರಿಸಿದ್ದರು. ಇವತ್ತು ಕಾವಲಿನವನು ಗೇಟಿನಲ್ಲೇ ಕೋಲು ಅಡ್ಡ ಹಿಡಿದ.

"ಎಲ್ಲಿಗೆ?"

"ಬಡವರಿಗೆ ಸಹಾಯ ಮಾಡ್ತಾರಂತಲ್ಲಪ್ಪ..."

"ಮಾಡ್ತಾರೆ. ಆದರೆ ಬಡವರು ಒಳಗೆ ಬರೋ ಹಾಗಿಲ್ಲ. ನೆಲ ಕೊಳೆ ಆಗುತ್ತೆ."

ಎರಡನೆಯ ಸಂಸ್ಥೆಯಲ್ಲಿ ಗೇಟು ತೆರೆದೇ ಇತ್ತು. ಒಳಗೆ ಹೋದ ಕೂಡಲೇ ಹೊಸ ಕಂಬಳಿಯೊಂದನ್ನು ಹೆಗಲಿಗೆ ಹೊದಿಸಿದರು. ತೂಕದಣ್ಣನಿಗೆ ಕಣ್ಣು ತುಂಬಿ ಬಂತು. ಫೋಟೋ ತೆಗೆದರು. ತೆಗೆದವರೇ ಬಂದು ಕಂಬಳಿಯನ್ನೂ ತೆಗೆದರು.

"ಹಿಂದಿರೋರಿಗೂ ಇದೇ ಬೇಕಲ್ಲಜ್ಜ" ಎಂದರು.

ಹೀಗೆ ಅಲೆದು ಅಲೆದು ಬಿಸಿಲು ನೆತ್ತಿಯಿಂದ ಇಳಿಯಿತು. ವೇಷದ ಹಸಿವು ಹೋಗಿ ನಿಜವಾದ ಹಸಿವೇ ಬಂದಿತ್ತು. ಗೋದಾಮಿನ ಹಿಂದಿನ ಗಲ್ಲಿಯಲ್ಲಿ ಕಣ್ಣು ಕತ್ತಲೆ ಬಂದು ಒಂದು ಮೆಟ್ಟಿಲ ಮೇಲೆ ಕುಸಿದು ಕೂತ. ಹಿಂದಿನಿಂದ ಬಾಗಿಲು ತೆರೆಯಿತು.

"ಮೆಟ್ಟಿಲ ಮೇಲೆ ಯಾಕಪ್ಪ ಕೂತೆ? ಒಳಗೆ ಬೆಂಚಿದೆ ಬಾ" ಎಂದಳು ಒಬ್ಬ ಮುದುಕಿ. ಕೈಯಲ್ಲಿ ಸೌಟಿತ್ತು.

ಬೋರ್ಡಿಲ್ಲ, ಫೋಟೋ ಇಲ್ಲ. ಸುಣ್ಣ ಬಳಿದ ಉದ್ದನೆಯ ಕೋಣೆ. ಒಲೆಯ ಮೇಲೆ ಮನುಷ್ಯ ಕೂರುವಷ್ಟು ದೊಡ್ಡ ಹಂಡೆ. ಬೆಂಚಿನ ಮೇಲೆ ಮೂಟೆ ಹೊರುವವರು, ಊರೂರು ಅಲೆಯುವವರು, ಮಗುವನ್ನು ತೊಡೆ ಮೇಲೆ ಇಟ್ಟುಕೊಂಡ ಒಬ್ಬ ಹೆಂಗಸು. ಯಾರೂ ತಲೆ ಬಗ್ಗಿಸಿ ಕೂತಿರಲಿಲ್ಲ. ನೆಂಟರ ಮನೆಗೆ ಬಂದವರ ಹಾಗೆ ಹರಟುತ್ತಿದ್ದರು.

ತೂಕದಣ್ಣ ತನ್ನ ಸುಳ್ಳು ಹೆಸರನ್ನು ನಾಲಿಗೆ ತುದಿಯಲ್ಲಿ ಸಿದ್ಧ ಮಾಡಿಕೊಂಡ. ಮುದುಕಿ ಕೇಳಲೇ ಇಲ್ಲ.

"ಹೆಸರು ಬರ್ಕೊಳ್ಳಲ್ವಾ ಅಮ್ಮ?"

"ಹಸಿವಿಗೆ ಹೆಸರು ಯಾಕಪ್ಪ? ಕೈ ತೊಳ್ಕೋ."

ಬಡಿಸಿದಳು. ತೂಕದಣ್ಣ ಅಭ್ಯಾಸಬಲದಿಂದ ಸೌಟನ್ನೇ ನೋಡುತ್ತಿದ್ದ. ಅದು ಪಕ್ಕದವನ ತಟ್ಟೆಗೆ ಒಂದು ಸಲ ಹೋಯಿತು, ಇವನ ತಟ್ಟೆಗೆ ಎರಡು ಸಲ, ಆ ಹೆಂಗಸಿನ ತಟ್ಟೆಗೆ ಮೂರು ಸಲ. ಅವರವರ ಮುಖ ನೋಡಿ ಬಡಿಸುತ್ತಿದ್ದಳು. ಒಬ್ಬರಿಗೂ ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ಜನ್ಮವೆಲ್ಲ ಕಲ್ಲು ಇಟ್ಟು ತೂಗಿದವನು ಕಲ್ಲೇ ಇಲ್ಲದ ತೂಕವನ್ನು ಅವತ್ತು ಮೊದಲು ಕಂಡ. ಬಾಯಿಗೆ ಹೋಗುತ್ತಿದ್ದ ತುತ್ತು ದಾರಿಯಲ್ಲೇ ನಿಂತಿತು.

"ಯಾಕಪ್ಪ, ಉಪ್ಪು ಕಡಿಮೆಯಾ?"

"ಇಲ್ಲಮ್ಮ. ಎಲ್ಲ ಸರಿಯಾಗಿದೆ. ಎಲ್ಲಾನೂ ಸರಿಯಾಗಿದೆ!"

ಉಂಡು ಎದ್ದವನು ವಯಸ್ಸು ಮರೆತು ಮನೆಗೆ ಓಡಿದ. ಮುಖ ತಿಕ್ಕಿ ತೊಳೆದ, ಮದುವೆಯ ಕೋಟು ಹಾಕಿದ. ಅದರ ಗುಂಡಿಗಳು ಈಗ ಒಂದನ್ನೊಂದು ದೂರದಿಂದ ನೋಡುತ್ತಿದ್ದವು. ವಕೀಲರು ಚೀಲದ ಸಮೇತ ಬಂದರು, ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದಳು, ಕತ್ತರಿ ಇನ್ನೊಬ್ಬ ಗಿರಾಕಿಯ ಅರ್ಧ ಮೀಸೆ ಬಿಟ್ಟು ಬಂದ. ಗಲ್ಲಿಗೆ ಬರುವಾಗ ಸೂರ್ಯ ಗೋದಾಮಿನ ತಗಡಿನ ಮೇಲೆ ಕೂತಿದ್ದ.

ಮುದುಕಿ ಹಂಡೆ ತೊಳೆಯುತ್ತಿದ್ದಳು. ತಿರುಗಿ ನೋಡಿ ನಕ್ಕಳು.

"ಮತ್ತೆ ಬಂದ್ಯಾ ಅಪ್ಪ? ರಾತ್ರಿ ಅಡುಗೆ ಇನ್ನೂ ಆಗಿಲ್ಲ. ಮನೆಯವರನ್ನೂ ಕರ್ಕೊಂಡು ಬಂದ್ಯಾ, ಒಳ್ಳೇದಾಯ್ತು, ಕೂತ್ಕೊಳ್ಳಿ. ಯಾರೋ ಪುಣ್ಯಾತ್ಮರು ಕೋಟು ಕೊಟ್ಟಿದ್ದಾರೆ. ಸ್ವಲ್ಪ ಬಿಗಿ."

"ಅಮ್ಮ, ನಾನು ಬಡವನಲ್ಲ! ಆಗ ಹಾಕಿದ್ದು ವೇಷ. ದೊಡ್ಡ ದುಡ್ಡು ಕೊಡೋಕೆ ಬಂದಿದೀನಿ."

ಮುದುಕಿ ಅವನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಬಿಸಿಲಿಗೆ ಹೀಗಾಗುತ್ತೆ."

"ನಿಜ ಕಣಮ್ಮ, ನಾನೇ ಮಸಿ ಬಳಿದದ್ದು" ಎಂದ ಕತ್ತರಿ.

"ಎಂಥ ಸ್ನೇಹಿತರಪ್ಪ ನಿನಗೆ! ಮಾನ ಉಳಿಸೋಕೆ ಸುಳ್ಳೂ ಹೇಳ್ತಾರೆ."

ವಕೀಲರು ಉಯಿಲು ತೆಗೆದು ನಿಧಾನವಾಗಿ ಓದಿ ಹೇಳಿದರು. ಚೆಕ್ಕು ತೋರಿಸಿದರು. ಮುದುಕಿ ಕೈ ಒರೆಸಿಕೊಂಡು ಬೆಂಚಿನ ಮೇಲೆ ಕೂತಳು. ಈಗ ನಂಬಿದ್ದಳು. ಆದರೂ ತಲೆ ಅಲ್ಲಾಡಿಸಿದಳು.

"ಆಗಲ್ಲಪ್ಪ. ಇಲ್ಲಿ ಉಂಡವರಿಂದ ನಾವು ಕಾಸು ಮುಟ್ಟಲ್ಲ. ಹಿಂದೆ ಒಬ್ಬ ಉಂಡ ಋಣ ತೀರಿಸ್ತೀನಿ ಅಂತ ಹೆಂಡತಿ ಹೊಲಿಗೆ ಮಿಷನ್ನು ಮಾರಿ ತಂದ. ಅವತ್ತೇ ತೀರ್ಮಾನ ಆಯ್ತು, ಇಲ್ಲಿಯ ಅನ್ನ ಯಾರಿಗೂ ಸಾಲ ಆಗಬಾರದು ಅಂತ. ಇವನು ಸಾಹುಕಾರ, ಇವನಿಂದ ತಗೋಬಹುದು ಅಂತ ಬಾಗಿಲು ಬಿಚ್ಚಿದರೆ, ನಾಳೆ ಯಾರು ಬಡವ ಯಾರು ಸಾಹುಕಾರ ಅಂತ ನಾನು ಮುಖ ನೋಡ್ತಾ ಕೂರಬೇಕು. ಆಮೇಲೆ ಬಡಿಸೋರು ಯಾರು?"

"ನಾನು ಉಂಡಿಲ್ಲವಲ್ಲ, ನನ್ನ ಕೈಯಿಂದ ತಗೊಳ್ಳಿ" ಎಂದಳು ಹೆಂಡತಿ.

"ಉಯಿಲಲ್ಲಿ ಇವನ ಕೈಯಿಂದ ಅಂತ ಇದೆ ತಾಯಿ" ಎಂದರು ವಕೀಲರು. ಆಮೇಲೆ ಸೂರ್ಯನ ಕಡೆ ನೋಡಿ ದನಿ ತಗ್ಗಿಸಿದರು. "ಅಮೃತಶಿಲೆಯವರು ಹತ್ತಿರದಲ್ಲೇ ಇದ್ದಾರಪ್ಪ. ಗುಲಾಬಿ ಕೊಟ್ಟು ತಗೋತಾರೆ. ಹೋಗೋಣವಾ? ವಿಗ್ರಹ ತಪ್ಪುತ್ತೆ."

ತೂಕದಣ್ಣ ಹಂಡೆಯ ಕಡೆ ತಿರುಗಿದ. ಬೇಡುವವನ ತಟ್ಟೆಯಲ್ಲಿ ಮುಳ್ಳು ನೆಟ್ಟಗಿತ್ತು. ಈಗ ಕೊಡುವವನ ತಟ್ಟೆಯಲ್ಲಿ ಇಷ್ಟು ದೊಡ್ಡ ಗಂಟು ಹೇರಿದರೂ ಅದು ಕೂದಲೆಳೆಯಷ್ಟೂ ಕದಲುತ್ತಿಲ್ಲ. ಇಂಥ ತಕ್ಕಡಿಗಾಗಿ ಅವನು ಜನ್ಮವೆಲ್ಲ ಹುಡುಕಿದ್ದ. ಸಿಕ್ಕಿದ ದಿನವೇ ಅದು ಅವನನ್ನು ಹೊರಗೆ ಹಾಕಿತ್ತು. ದೇವರ ಮುಂದೆ ನಿಂತವನ ಹಾಗೆ ಕೈ ಜೋಡಿಸಿ ಆ ತೊಳೆದ ಹಂಡೆಯನ್ನೇ ನೋಡುತ್ತ ನಿಂತ.

"ಬೇಡ ಸ್ವಾಮಿ," ಎಂದ ಕೊನೆಗೆ. "ಇದನ್ನ ಕಂಡ ಕಣ್ಣಲ್ಲಿ ಅಲ್ಲಿಗೆ ಹೋಗೋಕೆ ಆಗಲ್ಲ. ಅತ್ತೆ ನಿಂತ್ಕೊಳ್ಳಲಿ."

ಸೂರ್ಯ ತಗಡಿನ ಹಿಂದೆ ಜಾರಿದ. ವಕೀಲರು ಉಸಿರು ಬಿಟ್ಟು, ಶಿಲ್ಪಿಗೆ ತೋರಿಸಲೆಂದು ಇಟ್ಟುಕೊಂಡಿದ್ದ ಅತ್ತೆಯ ಚಿತ್ರವನ್ನು ಚೀಲದಿಂದ ತೆಗೆದರು. ಮುದುಕಿ ಬಗ್ಗಿ ನೋಡಿದಳು.

"ಅಯ್ಯೋ! ಇವರು ಟೋಪಿ ಅಮ್ಮ ಅಲ್ವಾ? ನಿನಗೆ ಏನಾಗಬೇಕಪ್ಪ?"

"ಸೋದರತ್ತೆ. ನಿಮಗೆ ಹೇಗೆ ಗೊತ್ತು?"

"ಒಂದು ದಿನ ಹರಿದ ಸೀರೆ ಉಟ್ಕೊಂಡು ಬಂದು ಹೊಟ್ಟೆ ತುಂಬಾ ಉಂಡ್ರು. ಮಾರನೇ ದಿನ ರೇಷ್ಮೆ ಸೀರೇಲಿ ಬಂದು, ಪರೀಕ್ಷೆ ಮಾಡೋಕೆ ಬಂದಿದ್ದೆ, ನನ್ನ ಆಸ್ತಿಯೆಲ್ಲ ತಗೋ ಅಂದ್ರು. ನಾನು ಆಗಲ್ಲ ಅಂದೆ. ಬೆರಳೆತ್ತಿ ಬೈದ್ರು ಬೈದ್ರು, ಕತ್ತಲಾಗೋವರೆಗೂ ಬೈದ್ರು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ್ರು, 'ನನ್ನ ತಮ್ಮನ ಮಗ ಇದ್ದಾನೆ. ಅವನ ಕೈಲಿ ಕೊಡಿಸ್ತೀನಿ. ಎಷ್ಟು ಅಲೆದರೂ ಸರಿಯಾದ ಜಾಗಕ್ಕೇ ಬರ್ತಾನೆ. ನನ್ನ ಹಾಗೆ ಊಟಕ್ಕೆ ಕೂರೋ ದಡ್ಡ ಅಲ್ಲ ಅವನು' ಅಂತ."

ಅತ್ತೆ ಬದುಕಿನಲ್ಲಿ ಒಂದೇ ಒಂದು ಸಲ ಅವನ ಬುದ್ಧಿಯನ್ನು ನಂಬಿದ್ದಳು. ಅದೂ ಎಷ್ಟು ದುಡ್ಡಿನ ಮೇಲೆ!

ವಿಗ್ರಹ ಬಂತು. ಅಂಗಡಿಯ ಸೂರಿಗಿಂತ ಎತ್ತರ. ಬೆರಳಿನ ನೆರಳು ಸಂಜೆಯ ಹೊತ್ತಿಗೆ ಸರಿಯಾಗಿ ತೂಕದಣ್ಣನ ಮೂಗಿನ ಮೇಲೆ ಬೀಳುತ್ತದೆ. ಅದನ್ನು ನೋಡಲು ಬಂದವರೆಲ್ಲ ಕತೆ ಕೇಳುತ್ತಾರೆ. ಕತ್ತರಿ ಗಿರಾಕಿಗಳನ್ನು ಅರ್ಧಕ್ಕೇ ಬಿಟ್ಟು ಬಂದು ಹೇಳುತ್ತಾನೆ.

ಮೊನ್ನೆ ಹಿರಿಯರೊಬ್ಬರು ಚೀಲ ಹಿಡಿದು ಅಂಗಡಿಗೆ ಬಂದರು.

"ತೂಕದಣ್ಣ, ನಾಲ್ಕು ಜನಕ್ಕೆ ಉಪಯೋಗ ಆಗಲಿ ಅಂತ ಸ್ವಲ್ಪ ದುಡ್ಡು ಎತ್ತಿಟ್ಟಿದೀನಿ. ನಂಬಿ ಕೊಡೋಂಥ ಜಾಗ ನಿಮಗೆ ಗೊತ್ತಂತೆ."

ತೂಕದಣ್ಣ ಕೈಯಲ್ಲಿದ್ದ ತಕ್ಕಡಿಯನ್ನು ಕೆಳಗಿಟ್ಟು, ಎದುರಿಗಿದ್ದ ಕಲ್ಲಿನ ಮುಖವನ್ನೊಮ್ಮೆ ನೋಡಿದ.

"ಗೋದಾಮಿನ ಹಿಂದಿನ ಗಲ್ಲಿ. ಕಣ್ಣು ಮುಚ್ಚಿ ಕೊಡಿ ಯಜಮಾನ್ರೇ," ಎಂದ. "ಆದರೆ ಮನೇಲಿ ಹೊಟ್ಟೆ ತುಂಬಾ ಉಂಡು ಹೋಗಿ."