ಸಮುದ್ರಾನುಭವ ಪರೀಕ್ಷೆ

ಹಳಿಯಾಳದ ನೌಕಾ ವೃತ್ತಿ ತರಬೇತಿ ಕೇಂದ್ರಕ್ಕೆ ಸಮುದ್ರವಿಲ್ಲದಿರುವುದು ಕೊರತೆಯಲ್ಲವೆಂದು ಗುಣಮಟ್ಟ ಸುಧಾರಣಾ ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿತು. ಆದರೆ ಸಮುದ್ರದ ಅನುಭವವಿಲ್ಲದವರನ್ನು ಹಡಗಿನ ಕಂಪನಿಗಳು ಸೇರಿಸಿಕೊಳ್ಳುತ್ತಿರಲಿಲ್ಲ. ವಿದ್ಯಾರ್ಥಿಗಳನ್ನು ಕಾರವಾರಕ್ಕೆ ಕರೆದೊಯ್ಯಲು ಬಂದ ಅನುದಾನದಲ್ಲಿ ಸಮಿತಿಯೇ ಗೋವಾಕ್ಕೆ ಹೋಗಿಬಂದು ವರದಿ ನೀಡಿತು: "ಸಮುದ್ರದ ಮುಖ್ಯ ಲಕ್ಷಣ ಹೊಟ್ಟೆ ತೊಳಸುವಿಕೆ. ಇದು ದಾಂಡೇಲಿ–ಜೋಯಿಡಾ ರಸ್ತೆಯಲ್ಲಿ ಸ್ಥಳೀಯವಾಗಿಯೇ ಲಭ್ಯವಿದೆ."

ಅಂದಿನಿಂದ ಪರೀಕ್ಷೆ ಬಸ್ಸಿನಲ್ಲಿ. ವಾಂತಿ ಮಾಡಿಕೊಂಡವರು ಪಾಸು. ಪ್ರಾಚಾರ್ಯ ದುಂಡೇಶ ಅವರು ಮುಂದಿನ ಸೀಟಿನಲ್ಲಿ ಕುಳಿತು, ತಿರುವು ಬಂದಾಗಲೆಲ್ಲ ಹಿಂದೆ ತಿರುಗಿ ಅಂಕ ಕೊಡುತ್ತಿದ್ದರು. ಜೋಯಿಡಾ ಮುಟ್ಟುವಷ್ಟರಲ್ಲಿ ಇಡೀ ತರಗತಿ ತೇರ್ಗಡೆಯಾಗಿತ್ತು, ದ್ರಾಕ್ಷಾಯಣಿಯೊಬ್ಬಳನ್ನು ಬಿಟ್ಟು.

ಅವಳು ಅಪ್ಪನ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಬೆಳೆದವಳು. ಹಡಗು ಏರಲೇಬೇಕೆಂದು ಊರ ಕೆರೆಯಲ್ಲಿ ಈಜು ಕಲಿತಿದ್ದಳು.

"ಸರ್, ಹಡಗಿನ್ಯಾಗ ವಾಂತಿ ಆಗದಿದ್ರ ಚೊಲೋ ಅಲ್ಲೇನ್ರಿ?"

"ಚೊಲೋನ ಐತಿ ತಂಗಿ. ಅದಕ್ಕ ಮಾರ್ಕ್ಸ್ ಇಲ್ಲ."

"ನನಗ ಈಜಾಕ ಬರ್ತೈತ್ರಿ."

"ಅದು ಹಳೇ ಪಠ್ಯಕ್ರಮ," ಎಂದರು ದುಂಡೇಶ, ಕನಿಕರದಿಂದ.

ಮನೆಯಲ್ಲಿ ಅವಳು ಊಟ ಬಿಟ್ಟು ಅತ್ತಳು. "ಅಳಬ್ಯಾಡ. ನಿನ್ನ ವಾಂತಿ ನನಗ ಬಿಡು," ಎಂದಳು ತಾಯಿ ಶಂಕ್ರವ್ವ. ಮರುಪರೀಕ್ಷೆಯ ಬೆಳಿಗ್ಗೆ ಹುಳಿ ಮಜ್ಜಿಗೆ, ಹಸಿ ಉಳ್ಳಾಗಡ್ಡಿ, ಅದರ ಮೇಲೆ ಬೆಲ್ಲದ ಪಾಯಸ ತಿನ್ನಿಸಿ ಕಳಿಸಿದಳು. ಎರಡನೇ ತಿರುವಿನಲ್ಲೇ ಪ್ರಾಚಾರ್ಯರ ಅಂಗಿ ಹಾಳಾಯಿತು. ಅವರು ಒರೆಸಿಕೊಳ್ಳುತ್ತ ಘೋಷಿಸಿದರು: "ಡಿಸ್ಟಿಂಕ್ಷನ್!" ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು.

ಸಂದರ್ಶನಕ್ಕೆ ಬಂದ ಹಡಗಿನ ಕಂಪನಿಯವರು ಅಂಕಪಟ್ಟಿ ನೋಡಿ, ಇಷ್ಟು ವಾಂತಿ ಮಾಡುವವರು ಹಡಗಿಗೆ ಬೇಡವೆಂದು ಎದ್ದುಹೋದರು. ಕೇಂದ್ರ ಎದೆಗುಂದಲಿಲ್ಲ. ಶೇಕಡಾ ನೂರು ಉದ್ಯೋಗ ತೋರಿಸಬೇಕಾಗಿದ್ದರಿಂದ ಮುಂಡಗೋಡದಲ್ಲಿ ಶಾಖೆ ತೆರೆದು, ಎಲ್ಲರನ್ನೂ ಅಲ್ಲಿಯೇ ಶಿಕ್ಷಕರನ್ನಾಗಿ ನೇಮಿಸಿತು. ಸಮುದ್ರವನ್ನೇ ಕಾಣದ ದ್ರಾಕ್ಷಾಯಣಿ ಸಮುದ್ರಾನುಭವ ವಿಭಾಗದ ಮುಖ್ಯಸ್ಥೆಯಾದಳು. ಮೊದಲ ಸಂಬಳದ ದಿನ ಅವಳಿಗೂ ಇದು ಸರಿಯೆನಿಸಿತು.

ಒಂದೇ ತೊಂದರೆ: ಶಾಖೆಯ ಪರೀಕ್ಷೆಗೆಂದು ಗೊತ್ತುಮಾಡಿದ್ದ ಸನವಳ್ಳಿ ರಸ್ತೆಗೆ ಆಗತಾನೇ ಡಾಂಬರು ಬಿದ್ದಿತ್ತು. ವಿದ್ಯಾರ್ಥಿಗಳು ಬಸ್ಸಿನಲ್ಲಿ ನಿದ್ದೆ ಹೋಗತೊಡಗಿದರು. ಶಿಕ್ಷಣದ ಗುಣಮಟ್ಟ ಕುಸಿಯುವುದನ್ನು ತಡೆಯಲು ರಸ್ತೆ ಅಗೆಯಬೇಕೆಂದು ಸಮಿತಿಯ ಆದೇಶ ಬಂತು. ಊರವರು ಜಗಳಕ್ಕೆ ಬಂದಾರೆಂದು ದ್ರಾಕ್ಷಾಯಣಿ ಅಂಜುತ್ತಲೇ ಹೋದಳು. ಅಲ್ಲಿ ರೈತ ಪರಸಪ್ಪ ಆಗಲೇ ಗುದ್ದಲಿ ಹಿಡಿದು ಅಗೆಯುತ್ತಿದ್ದ.

"ಅಕ್ಕೋರ, ತೆಗ್ಗು ಇಷ್ಟು ಸಾಕೇನ್ರಿ? ಓದೋ ಮಕ್ಕಳಿಗೆ ನಾವು ಅಡ್ಡ ಬರಬಾರದು."

ದ್ರಾಕ್ಷಾಯಣಿ ಬಗ್ಗಿ ನೋಡಿದಳು.

"ಇನ್ನೊಂಚೂರು ಆಳ ಮಾಡ್ರಿ," ಎಂದಳು.